ಫೋರ್ಕಿನೊಳಗೆ ಬಾಬಿನ್

ಅಣ್ಣನ ಮೋಟಾರ್ ಸೈಕಲ್ಲು ನಮ್ಮ ಓಣಿಗೆ ತಿರುಗುವ ಮೊದಲೇ ಅದರ ಮುಂದಿನ ಗಾಲಿ ಹಿಡಿದ ಫೋರ್ಕು ಸುದ್ದಿ ಮುಟ್ಟಿಸುತ್ತಿತ್ತು. ಕಟ್, ಕಟ್, ಕಟ್. ಖಾಸಬಾಗದ ನಮ್ಮ ಮನೆಯಲ್ಲಿ ಎರಡು ಮಗ್ಗ ಒಟ್ಟಿಗೆ ಬಡಿಯುತ್ತಿದ್ದರೂ ಆ ಸದ್ದು ನನ್ನ ಕಿವಿಗೆ ಬೇರೆಯಾಗಿ ಕೇಳುತ್ತಿತ್ತು. ನಾನು ಹುಟ್ಟಾ ಪುಕ್ಕಲ. ಪಟಾಕಿಗೂ ಅಂಜುತ್ತಿದ್ದೆ, ಹಲ್ಲಿನ ಡಾಕ್ಟರಿಗೂ ಅಂಜುತ್ತಿದ್ದೆ. ಆದರೆ ಆ ಸದ್ದಿಗೆ ಅಂಜಿದ್ದು ಪುಕ್ಕಲತನದಿಂದಲ್ಲ. ಆರು ತಿಂಗಳು ಒಂದು ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡಿದ್ದವನಿಗೆ, ಮುಂದಿನ ಫೋರ್ಕು ಕೈಕೊಟ್ಟರೆ ಮನುಷ್ಯ ಎಲ್ಲಿ ಹೋಗಿ ಬೀಳುತ್ತಾನೆಂಬುದು ಚೆನ್ನಾಗಿ ಗೊತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಅಣ್ಣ ಖಾನಾಪುರದ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಐಸ್ ತುಂಬಿದ ಫ್ಲಾಸ್ಕಿನಲ್ಲಿ ಲಸಿಕೆ ಇಟ್ಟುಕೊಂಡು ಹೊಳೆಯಾಚೆಯ ಕಾಡುದಾರಿಗಳಲ್ಲಿ ಊರೂರು ಸುತ್ತುವುದು ಅವನ ಕೆಲಸ. ಅದಕ್ಕೆಂದೇ ಹಳೆಯ ಮೋಟಾರ್ ಸೈಕಲ್ಲೊಂದನ್ನು ಕೊಂಡು, ಸೈಲೆನ್ಸರನ್ನು ಮೇಲಕ್ಕೆತ್ತಿ ಕೂರಿಸಿ, ದಪ್ಪ ಹಲ್ಲಿನ ಟೈರ್ ಹಾಕಿಸಿ, ಮಣ್ಣುದಾರಿಯ ಗಾಡಿ ಮಾಡಿಕೊಂಡಿದ್ದ. ಅವನ ಹೆಂಡತಿ, ನಮ್ಮ ವೈನಿ ಮಾತ್ರ ಮದುವೆಯಾಗಿ ಎರಡು ವರ್ಷ ಕಳೆದರೂ ಅದನ್ನು ಹತ್ತಿರಲಿಲ್ಲ. ಅಣ್ಣ ಎಷ್ಟು ಕರೆದರೂ "ಮೊದಲ ಆ ಸಪ್ಪಳ ಹೋಗ್ಲಿ, ಆಮ್ಯಾಲ ನೋಡೂಣು" ಅನ್ನುತ್ತಿದ್ದರು. ಆಗ ಅವರು ಆರು ತಿಂಗಳ ಬಸುರಿ.

ಒಂದು ರವಿವಾರ ಅಣ್ಣ ಗಾಡಿಯನ್ನು ನಮ್ಮ ಅಂಗಳದಲ್ಲಿ ನಿಲ್ಲಿಸಿ, "ತಮ್ಮಾ, ಇದರ ಬ್ಯಾನಿ ಏನಂತ ನೋಡು. ದನದ್ದಾದ್ರ ನಾನ ನೋಡತಿದ್ದೆ" ಎಂದು ನಕ್ಕ. ನನಗೆ ಎಲ್ಲಿಲ್ಲದ ಹುರುಪು. ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ತಳ್ಳಿ, ಹ್ಯಾಂಡಲ್ಲಿನ ಬೇರಿಂಗಿನ ಮೇಲೆ ಬೆರಳಿಟ್ಟು ನೋಡಿದೆ. ಅಲ್ಲಿ ಏನೂ ಅಲುಗುತ್ತಿರಲಿಲ್ಲ. ಅಣ್ಣನನ್ನು ಗಾಡಿಯ ಮೇಲೆ ಕೂರಿಸಿ ಕುಣಿಸಿದೆ. ಫೋರ್ಕು ಕೆಳಗೆ ಕೂತಾಗ ಸದ್ದಿಲ್ಲ, ಮೇಲೇಳುವಾಗ ಕಟ್. ಸ್ಕ್ರೂಡ್ರೈವರಿನ ತುದಿಯನ್ನು ಫೋರ್ಕಿನ ಎರಡು ಕೊಳವೆಗಳಿಗೂ ಒತ್ತಿ, ಅದರ ಹಿಡಿಗೆ ಕಿವಿ ಹಚ್ಚಿ ಕೇಳಿದೆ. ಸದ್ದು ಬರುತ್ತಿದ್ದದ್ದು ಬಲಗಡೆಯಿಂದ, ಮೇಲ್ಭಾಗದಿಂದ.

ಇಂಜಿನ್ನಿನ ಕೆಳಗೆ ಕಲ್ಲು ಕೊಟ್ಟು ಮುಂದಿನ ಗಾಲಿ ಎತ್ತಿ, ಎರಡೂ ಕೊಳವೆಗಳ ಮುಚ್ಚಳ ಬಿಚ್ಚಿದೆ. ಎಡಗಡೆಯದು ಕೊನೆಯ ಸುತ್ತಿನಲ್ಲಿ ಸ್ಪ್ರಿಂಗಿನ ಒತ್ತಡಕ್ಕೆ ಟಣ್ ಎಂದು ಜಿಗಿಯಿತು. ಬಲಗಡೆಯದು ಡಬ್ಬಿಯ ಮುಚ್ಚಳದ ಹಾಗೆ ಸುಮ್ಮನೆ ಕೈಗೆ ಬಂತು. ಎರಡೂ ಸ್ಪ್ರಿಂಗು ಹೊರತೆಗೆದು, ಒರೆಸಿ, ಕಟ್ಟೆಯ ಮೇಲೆ ಪಕ್ಕಪಕ್ಕ ನಿಲ್ಲಿಸಿದೆ. ಬಲಗಡೆಯದು ಎರಡು ಬೆರಳಿನಷ್ಟು ಗಿಡ್ಡವಾಗಿತ್ತು. ಕಾಡಿನ ಗುಂಡಿಗಳಲ್ಲಿ ಕುಕ್ಕಿ ಕುಕ್ಕಿ ಅದು ಕುಸಿದಿತ್ತು. ಫೋರ್ಕು ಪೂರ್ತಿ ಚಾಚಿಕೊಂಡಾಗ ಸ್ಪ್ರಿಂಗಿಗೂ ಮುಚ್ಚಳಕ್ಕೂ ನಡುವೆ ಜಾಗ ಉಳಿದು, ಸ್ಪ್ರಿಂಗು ಹಾರಿ ಮುಚ್ಚಳಕ್ಕೆ ಬಡಿಯುತ್ತಿತ್ತು. ಹೊಸ ಜೋಡಿ ಸಿಗುವವರೆಗೆ ಆ ಜಾಗಕ್ಕೆ ಒಂದು ಕಬ್ಬಿಣದ ಪೈಪಿನ ತುಂಡು ಇಟ್ಟರೆ ಸಾಕಿತ್ತು.

ರವಿವಾರ ಪೈಪಿನ ತುಂಡು ಎಲ್ಲಿಂದ ಬರಬೇಕು? ನನ್ನ ಕಣ್ಣು ಮಗ್ಗದ ಪಕ್ಕದ ಬುಟ್ಟಿಯ ಮೇಲೆ ಬಿತ್ತು. ಅದರಲ್ಲಿ ನೂಲು ಸುತ್ತುವ ಕಟ್ಟಿಗೆಯ ಬಾಬಿನ್‌ಗಳಿದ್ದವು. ಗಟ್ಟಿ ಕಟ್ಟಿಗೆ, ನಡುವೆ ತೂತು, ದಪ್ಪವೂ ಹೆಚ್ಚುಕಡಿಮೆ ಕೊಳವೆಯಷ್ಟೇ. ತುದಿಗಿದ್ದ ಕಬ್ಬಿಣದ ಬಳೆಯಿಂದಾಗಿ ಮಾತ್ರ ಒಳಗೆ ಇಳಿಯಲೊಲ್ಲದು. ಆ ತುದಿಯನ್ನೇ ಗರಗಸದಿಂದ ಕೊಯ್ದು ಎಸೆದೆ. ಉಳಿದದ್ದನ್ನು ಎರಡು ಬೆರಳಿನ ಅಳತೆಗೆ ತುಂಡು ಮಾಡಿ, ಉಜ್ಜಿ ಸ್ಪ್ರಿಂಗಿನ ಮೇಲೆ ಕೂರಿಸಿ, ಎಣ್ಣೆ ತುಂಬಿ ಮುಚ್ಚಳ ಬಿಗಿದೆ. ಅಣ್ಣ ಓಣಿಯ ತುದಿಯವರೆಗೆ ಹೋಗಿ ಬಂದ. ಸದ್ದು ಮಂಗಮಾಯ.

"ಭಾರಿ ಮಾಡಿದಿ! ಏನ್ ಹಾಕಿದಿ ಒಳಗ?"

"ಪೈಪಿನ ತುಂಡು" ಅಂದೆ.

ಯಾಕೆ ಸುಳ್ಳು ಹೇಳಿದೆ? ಕಟ್ಟಿಗೆ ಅಂದರೆ ಅಣ್ಣ ನಗುತ್ತಾನೆ, ಮಗ್ಗದ ಸಾಮಾನು ಮುಟ್ಟಿದೆನೆಂದು ಅಪ್ಪ ಬೈಯುತ್ತಾನೆ ಎಂದು. ಅಷ್ಟೇ ಕಾರಣ. ಇಷ್ಟು ವರ್ಷ ಕಳೆದರೂ ಇದಕ್ಕಿಂತ ದೊಡ್ಡ ಕಾರಣವೊಂದು ನನಗೆ ಸಿಕ್ಕಿಲ್ಲ.

ಮಂಗಳವಾರ ಮುಂಜಾನೆ ಅಪ್ಪ ಅಂಗಳ ಗುಡಿಸುವಾಗ ಆ ಕೊಯ್ದ ತುದಿ ಸಿಕ್ಕಿತು. ಬಳೆ ಸಮೇತ ಅದನ್ನು ಹಿಡಿದುಕೊಂಡು ಒಳಗೆ ಬಂದ.

"ಬಾಬಿನ್ ಯಾಂವ ಕೊಯ್ದಾಂವ?"

ಅಪ್ಪ ತನ್ನಷ್ಟಕ್ಕೆ ಗೊಣಗಿದ: "ಬಳಿ ಯಾಕ ಹಾಕಿರತಾರ ಅನ್ನೂದರೆ ಗೊತ್ತೈತೇನು? ಬಳಿ ತಗದ್ರ ನಾಕ ಪೆಟ್ಟಿಗೆ ಕಟಗಿ ಸೀಳಿ ಹೋಗತೈತಿ."

ನಾಲ್ಕು ಪೆಟ್ಟು. ನಾನು ಕೂತಲ್ಲೇ ಲೆಕ್ಕ ಹಾಕತೊಡಗಿದೆ. ಖಾನಾಪುರದಿಂದ ಹೊಳೆ ದಾಟಿದರೆ ಮೊದಲ ಮೈಲಿಯಲ್ಲೇ ನಾಲ್ಕಲ್ಲ, ನಾಲ್ಕು ನೂರು ಪೆಟ್ಟು. ಬಾಬಿನ್ ಸೀಳಿದರೆ ಚೂರುಗಳು ಸ್ಪ್ರಿಂಗಿನ ನಡುವೆ ಇಳಿಯುತ್ತವೆ. ಇಳಿಜಾರಿನಲ್ಲಿ ಫೋರ್ಕಿನ ಒಂದು ಕೊಳವೆ ಕೂತು ಅಲ್ಲೇ ಸಿಕ್ಕಿಕೊಂಡು, ಇನ್ನೊಂದು ಎದ್ದರೆ ಹ್ಯಾಂಡಲ್ ಕೈಯಲ್ಲಿ ಉಳಿಯುವುದಿಲ್ಲ. ಚಹಾ ಕುಡಿಯದೆ, ಅಪ್ಪನಿಗೂ ಹೇಳದೆ ಖಾನಾಪುರದ ಬಸ್ಸು ಹತ್ತಿದೆ. ಬಸ್ಸು ಪ್ರತಿ ಸ್ಟಾಪಿನಲ್ಲಿ ನಿಂತಾಗಲೂ ಇಳಿದು ಓಡೋಣ ಅನಿಸುತ್ತಿತ್ತು. ಓಡುವವನ ಹಾಗೆ ಎರಡೂ ಕಾಲಿನ ಬೆರಳುಗಳನ್ನು ಚಪ್ಪಲಿಯೊಳಗೆ ಒತ್ತಿ ಹಿಡಿದು ಕೂತಿದ್ದೆ.

ಅಣ್ಣನ ಬಾಡಿಗೆ ಮನೆಗೆ ಕೀಲಿ ಹಾಕಿತ್ತು. ಪಕ್ಕದ ಮನೆಯ ಅಜ್ಜಿ ಅಕ್ಕಿ ಆರಿಸುತ್ತ ಕೂತಿದ್ದರು.

"ಇಬ್ಬರೂ ಗಾಡಿ ಮ್ಯಾಲ ಹೋದ್ರಪಾ. ಸಪ್ಪಳ ನಿಂತೈತಿ ಅಂತ ಇವತ್ತ ನಿಮ್ಮ ವೈನಿ ತಾನ ಹತ್ತಿ ಕುಂತ್ಲು. ಖರೇ, ಎಷ್ಟ ಖುಷಿ ಅಂತಿ! ಅವ್ವನ್ನ ನೋಡಿ ಬರತೀನಿ ಅಂತ ಹೋದ್ಲು."

ವೈನಿಯ ತವರುಮನೆ ಹೊಳೆಯಾಚೆ, ಕಾಡಿನ ಇಳಿಜಾರು ದಾಟಿದ ಮೇಲೆ. ಅಜ್ಜಿ ನೀರು ಕೊಟ್ಟರು. ಕುಡಿಯದೆ ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟೆ. ಸದ್ದು ಇದ್ದಿದ್ದರೆ ವೈನಿ ಮನೆಯಲ್ಲೇ ಇರುತ್ತಿದ್ದರು. ಆ ಸದ್ದು ನಿಲ್ಲಿಸಿದವನು ನಾನು.

ಮಲಪ್ರಭೆಯ ಸೇತುವೆಗೆ ಹೋಗಿ ನಿಂತೆ. ಅವರು ಎಲ್ಲಿಂದ ಬಂದರೂ ಅದನ್ನು ದಾಟಿಯೇ ಬರಬೇಕು. ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಕಲ್ಲಿಗೆ ಬಟ್ಟೆ ಬಡಿದಾಗಲೆಲ್ಲ ನನಗೆ ಕಟ್ಟಿಗೆ ಸೀಳಿದ ಹಾಗೆ ಕೇಳುತ್ತಿತ್ತು. ಯಾವ ದೇವರಿಗೆ ಏನು ಹರಕೆ ಹೊತ್ತೆನೋ ಈಗ ನೆನಪಿಲ್ಲ, ಬಹಳ ಹೊತ್ತೆ. ಬಿಸಿಲು ನೆತ್ತಿಗೇರಿತು. ಎತ್ತಿನ ಗಾಡಿ ಬಂದವು, ಕಟ್ಟಿಗೆಯ ಲಾರಿ ಬಂತು. ಪ್ರತಿ ಡ್ರೈವರನ ಮುಖವನ್ನೂ ದಿಟ್ಟಿಸಿದೆ, ದಾರಿಯಲ್ಲಿ ಏನೋ ನೋಡಿ ಬಂದವರ ಮುಖವೇನೋ ಇದು ಎಂದು. ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಕೊನೆಗೆ ಇಂಜಿನ್ನಿನ ಸದ್ದು ಕೇಳಿತು, ಅದರ ಜೊತೆಗೆ ಕಟ್, ಕಟ್. ಅಣ್ಣ ನಡೆಯುವವರ ವೇಗದಲ್ಲಿ ಬರುತ್ತಿದ್ದ. ಹಿಂದಿನ ಸೀಟು ಖಾಲಿ ಇತ್ತು.

ನಾನು ಓಡಿದೆ. "ವೈನಿ ಎಲ್ಲಿ? ಅಣ್ಣಾ, ವೈನಿ ಎಲ್ಲಿ?"

ಅವನಿಗೆ ನನ್ನ ಅವತಾರ ನೋಡಿಯೇ ಗಾಬರಿಯಾಯಿತು. "ಬಸ್ಸಿನಾಗ ಬರಾಕತ್ತಾಳೋ! ಹೋಗೂಮುಂದ ಏನ ಇರಲಿಲ್ಲ. ಬರೂಮುಂದ ಇಳಿಜಾರಿಗೆ ಬರೂದಕ್ಕ ಮತ್ತ ಸಪ್ಪಳ ಸುರು ಆತು. ಆಕಿನ್ನ ಇಳಿಸಿ, ಡಾಂಬರ್ ರಸ್ತೆತನಕ ನಡಿಸಿಕೊಂಡ ಬಂದು, ಬಸ್ಸ ಹತ್ತಿಸಿದೆ. ಅದು ಹಳ್ಳಿಹಳ್ಳಿ ಸುತ್ತಿ ತಡಾ ಮಾಡಿ ಬರತೈತಿ. ಪೈಪಂತೂ ಅಲ್ಲ. ಅದನ್ನ ನೀ ಹಾಕೀದಿ. ಬ್ಯಾರೆ ಏನೋ ಇರಬೇಕು."

ಬಸ್ ಸ್ಟ್ಯಾಂಡಿನವರೆಗೆ ಇಬ್ಬರೂ ಗಾಡಿ ತಳ್ಳಿಕೊಂಡು ಹೋದೆವು. ಅಲ್ಲಿ ನೆರಳಿನಲ್ಲಿ ಮುಚ್ಚಳ ಬಿಚ್ಚಿ, ಗಾಡಿಯನ್ನು ಅಡ್ಡ ಮಲಗಿಸಿದೆ. ಎಣ್ಣೆಯ ಜೊತೆ ಕಟ್ಟಿಗೆಯ ಸೀಳುಗಳು ಒಂದೊಂದಾಗಿ ಅಂಗೈಗೆ ಬಿದ್ದವು. ಒಂದು ಸೀಳು ಸ್ಪ್ರಿಂಗಿನ ಸುರುಳಿಯಲ್ಲಿ ಆಗಲೇ ಸಿಕ್ಕಿಕೊಂಡಿತ್ತು. ಅದನ್ನು ಎಳೆಯಲು ಇಕ್ಕಳವೇ ಬೇಕಾಯಿತು.

ಅಣ್ಣ ಆ ಸೀಳನ್ನು ತಗೊಂಡು ಮೂಸಿ ನೋಡಿದ. ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಕಡೆ ನೋಡದೆ ನೆಲಕ್ಕೆ ಕೂತ. ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು.

ಅಷ್ಟರಲ್ಲಿ ಬಸ್ಸು ಬಂತು. ವೈನಿ ಒಂದು ಕೈಯಲ್ಲಿ ತವರಿನ ಬುತ್ತಿ, ಇನ್ನೊಂದು ಕೈಯಲ್ಲಿ ಬಸ್ಸಿನ ಸರಳು ಹಿಡಿದು, ನಿಧಾನಕ್ಕೆ ಇಳಿದು ನಮ್ಮ ಕಡೆ ಬಂದರು.

"ಏನಾಗಿತ್ತು?"

"ಏನಿಲ್ಲ. ಪೈಪ್ ಸರದಿತ್ತು" ಅಂದ ಅಣ್ಣ.

ನನ್ನ ಸುಳ್ಳನ್ನು ಅವನ ಬಾಯಲ್ಲಿ ಕೇಳಿಸಿಕೊಳ್ಳಲು ಆಗಲಿಲ್ಲ. "ಪೈಪ್ ಅಲ್ಲರೀ ವೈನಿ. ಕಟಗಿ ಹಾಕಿದ್ದೆ. ಮಗ್ಗದ ಬಾಬಿನ್. ಸೀಳಿ ಹೋಗೇತಿ" ಅಂದೆ, ಅಂಗೈ ಬಿಚ್ಚಿ ತೋರಿಸಿದೆ.

ಅವರು ಆ ಚೂರುಗಳನ್ನು ನೋಡಿದರು. ಬುತ್ತಿಯನ್ನು ಅಣ್ಣನ ಕೈಗೆ ಕೊಟ್ಟರು. ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡರು. ಸಿಟ್ಟು ಬರುತ್ತದೆಂದು ಕಾದೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಹತ್ತೂಮುಂದ ನನಗ ಭಾಳ ಅಂಜಿಕಿ ಆಗಿತ್ತು, ತಮ್ಮಾ" ಅಂದರು. "ನೀ ರಿಪೇರಿ ಮಾಡೀದಿ ಅಂತ ಕುಂತೆ."