ಹುಳುಮನೆಯ ಬಾಗಿಲು

ಮೊನ್ನೆ ನೀವು ಟರ್ಪಂಟೈನ್ ಸೀಸೆಯ ಮುಚ್ಚಳ ತೆಗೆದಿರಲ್ಲ ಮಕ್ಕಳೇ, ಆ ವಾಸನೆ ಮೂಗಿಗೆ ಬಿದ್ದದ್ದೇ ನಾನು ಸೆರಗು ಸಿಕ್ಕಿಸಿಕೊಂಡು ಹುಳುಮನೆಗೆ ಓಡಿದೆ. ಬಾಗಿಲು ಹಾಕಲು ಕೈ ಚಾಚಿದರೆ ಅಲ್ಲಿ ಬಾಗಿಲೇ ಇಲ್ಲ! ಗಾಳಿಯನ್ನು ಎಳೆಯುತ್ತ ನಿಂತ ಅಜ್ಜಿಯನ್ನು ನೋಡಿ ನೀವು ಬಿದ್ದು ಬಿದ್ದು ನಕ್ಕಿರಿ. ನಾನೂ ನಕ್ಕೆ. ಯಾಕೆ ಓಡಿದೆ ಎಂದು ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಹುಳುಮನೆಯನ್ನು ನಿಮ್ಮ ತಾತ ರೇಷ್ಮೆಹುಳು ಸಾಕಲು ಕಟ್ಟಿಸಿದ್ದು. ಅವರು ಹೋದ ಮೇಲೆ ಅರ್ಧ ಮನೆಯ ಹುಳುವಿಗೆ ಸೊಪ್ಪು ಹಾಕುವಷ್ಟರಲ್ಲೇ ನನಗೆ ಸಾಕುಸಾಕಾಗುತ್ತಿತ್ತು. ನಡುಗೋಡೆಯಾಚೆಯ ಇನ್ನರ್ಧ ಖಾಲಿ ಬಿದ್ದಿದ್ದಾಗ ಇಬ್ಬರು ಬಂದರು. ಗುಂಡ್ಲುಪೇಟೆಯ ಭಾಗ್ಯ, ಕುದೇರಿನ ಮಹೇಶ. ಚಿತ್ರ ಬರೆಯುವವರು. ತಮ್ಮ ಚಿತ್ರಗಳನ್ನೂ ಜೊತೆಗಾರರ ಚಿತ್ರಗಳನ್ನೂ ತೂಗುಹಾಕಿ ಜನರಿಗೆ ತೋರಿಸಲು ಗ್ಯಾಲರಿ ಮಾಡುತ್ತೇವೆ ಎಂದರು. ನಾನು ಎಂದಿನಂತೆ ಬಾಗಿಲ ಹಿಂದೆ ನಿಂತು, "ಮಾಡ್ಕಳಿ ಕಣಪ್ಪ" ಅಂದೆ. ಹೊರಗಿನವರ ಮುಖ ನೋಡಿ ಮಾತಾಡಿದ ರೂಢಿ ನನಗಿರಲಿಲ್ಲ.

ಚೌಕಟ್ಟುಗಳನ್ನು ತಲೆಯ ಮೇಲೆ ಹೊತ್ತು ಸಂತೆಮರಹಳ್ಳಿಯಲ್ಲಿ ಬಸ್ಸಿಳಿದು ನಡೆದು ಬರುತ್ತಿದ್ದರು. ಸುಣ್ಣ ಬಳಿಯುವವರೂ ಅವರೇ, ಮೊಳೆ ಹೊಡೆಯುವವರೂ ಅವರೇ. ಒಮ್ಮೆ ಗೋಣಿಚೀಲ ಹೊಲಿದು ಗೋಡೆಗೆ ನೇತುಹಾಕಿದ್ದರು. ಒಣಗಲು ಹಾಕಿದ್ದಾರೆಂದು ನಾನು ಮಡಿಚಿ ಅಟ್ಟಕ್ಕೆ ಸೇರಿಸಿಬಿಟ್ಟಿದ್ದೆ. ಅದೂ ಚಿತ್ರವಂತೆ! ಪಾಪ, ಬೈಯಲಿಲ್ಲ.

ಅವರದ್ದೊಂದು ಕಟ್ಟುಪಾಡಿತ್ತು. ಯಾರೂ ತಾವು ಮಾಡಿದ್ದರ ಬಗ್ಗೆ ತಾವೇ ಮಾತಾಡಕೂಡದು. ಭಾಗ್ಯಳ ಚಿತ್ರದ ಮುಂದೆ ಮಹೇಶ ನಿಂತು ಹೇಳಬೇಕು, ಮಹೇಶನದರ ಮುಂದೆ ಭಾಗ್ಯ. "ನಮ್ ಕೂಸ್ನ ನಾವೇ ಹೊಗಳ್ಕಂಡ್ರೆ ದೃಷ್ಟಿ ಆಯ್ತದೆ ಕಣವ್ವ" ಅನ್ನುತ್ತಿದ್ದಳು ಅವಳು.

ಮೊದಲ ಪ್ರದರ್ಶನದ ದಿನ ಬೆಳಗಾಗುತ್ತಲೇ ನನ್ನನ್ನು ಕರೆದರು. ನನಗೆ ಹೇಳದೆ ಹುಳುಮನೆಯ ಹಳೆಯ ಬಾಗಿಲಿಗೆ ಟರ್ಪಂಟೈನ್ ಬೆರೆಸಿದ ವಾರ್ನಿಷ್ ಬಳಿದಿದ್ದರು. "ಹೆಂಗ್ ಮಿಂಚ್ತದೆ ನೋಡವ್ವ!" ಅಂದಳು ಭಾಗ್ಯ.

ಘಾಟು ಮೂಗಿಗೆ ಹೊಡೆದದ್ದೇ ನನಗೆ ಒಳಗಿನ ಹುಳು ನೆನಪಾದವು. ಹುಳು ಕಡೆಯ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುವುದು. ಇನ್ನು ಕೆಲವೇ ದಿನಕ್ಕೆ ಗೂಡು ಕಟ್ಟುವ ಹುಳು ಅಂಥ ಘಾಟನ್ನು ತಡೆಯುವುದಿಲ್ಲ. ನಡುಗೋಡೆಯೋ ಸೂರಿನವರೆಗೆ ಇಲ್ಲ. ಒಳಗೆ ಹೋಗಿ ನೋಡಿದೆ. ತಟ್ಟೆತಟ್ಟೆಯಲ್ಲೂ ಸೊಪ್ಪು ಬಿಟ್ಟು ತಲೆ ಎತ್ತಿಕೊಂಡಿದ್ದವು. ಹುಳು ಮೇಯುವ ಸದ್ದಿಗೆ ಸೋನೆ ಮಳೆಯಂತೆ ಸರಸರ ಅನ್ನಬೇಕಾದ ಮನೆ ಮೂಕವಾಗಿತ್ತು.

"ಹುಳ ಸೊಪ್ಪ ಬುಟ್ಬುಟ್ಟವೆ" ಅಂದೆ.

ಮಹೇಶ ಗೋಡೆ ನೋಡಿದ. ವಾರಗಟ್ಟಲೆ ಹೆಣಗಿ ತೂಗುಹಾಕಿದ ಚಿತ್ರಗಳು. ವಾರ್ನಿಷಿನಷ್ಟಲ್ಲದಿದ್ದರೂ ಅವಕ್ಕೂ ಎಣ್ಣೆ ಬಣ್ಣದ ಘಾಟು. "ಜನ ಬರೋ ಹೊತ್ತಾಯ್ತಲ್ಲ ಭಾಗ್ಯ..."

"ಬಂದ್ರೆ ಬಯಲಲ್ಲಿ ನೋಡ್ಲಿ. ಬಾಗ್ಲ ಕೀಳು ಮೊದ್ಲು."

ಅಷ್ಟೇ. ಬಾಗಿಲು ಕಳಚಿ ಹೊಂಗೆ ಮರಕ್ಕೆ ಒರಗಿಸಿದರು. ಚಿತ್ರಗಳು ಒಂದೊಂದಾಗಿ ಹೊರಬಂದು ಬೇಲಿಗೆ, ಚಪ್ಪರದ ಕಂಬಕ್ಕೆ, ಬಟ್ಟೆ ಒಗೆಯುವ ಕಲ್ಲಿಗೆ ಆತುಕೊಂಡವು. ಮೈಸೂರಿನಿಂದ ಬಂದವರು ಹಿಪ್ಪುನೇರಳೆ ತೋಟದಲ್ಲಿ ಬಿಸಿಲಿಗೆ ಕೊಡೆ ಹಿಡಿದು ಚಿತ್ರ ನೋಡಿದರು.

ಅವರಲ್ಲೊಬ್ಬರು ಬಾಗಿಲ ಮುಂದೆ ಬಹಳ ಹೊತ್ತು ನಿಂತು, "ಇದು ಯಾರು ಮಾಡಿದ್ದು?" ಎಂದರು.

"ನಾವಿಬ್ರೂ ಸೇರಿ ಮಾಡಿದ್ದು ಸಾರ್, ಅದ್ಕೇ ಮಾತಾಡಂಗಿಲ್ಲ" ಎಂದು ಭಾಗ್ಯ ನನ್ನ ಕಡೆ ತಿರುಗಿದಳು. "ಅವ್ವ, ನೀನೇ ಹೇಳ್ಬೇಕು."

ಹಿಂದೆ ಅಡಗೋಣವೆಂದರೆ ಬಾಗಿಲೇ ಹೊರಗೆ ಬಂದಿತ್ತಲ್ಲ! ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು.

"ಇದು ನಮ್ ಹುಳುಮನೆ ಬಾಗ್ಲು. ಪ್ರೀತಿಗೆ ವಾರ್ನಿಸ್ ಬಳುದ್ರು. ಹುಳಕ್ಕಾಗಕಿಲ್ಲ ಅಂತ ಗೊತ್ತಾಯ್ತು, ಕಿತ್ತಾಕ್ಬುಟ್ರು. ಅಷ್ಟೇಯ."

ಯಾರೂ ನಗಲಿಲ್ಲ.

ಬೈಗಿನ ಹೊತ್ತಿಗೆ ಒಳಗೆ ಸರಸರ ಸದ್ದು ಮತ್ತೆ ಶುರುವಾಯಿತು. ಭಾಗ್ಯ ನಡುಗೋಡೆಗೆ ಕಿವಿಯಿಟ್ಟು ಕೂತಿದ್ದಳು. "ತಿಂತಾವೆ ಕಣವ್ವ, ತಿಂತಾವೆ" ಎಂದು ಕಣ್ಣೊರೆಸಿಕೊಂಡಳು.

ವಾಸನೆ ಹೋದ ಮೇಲೆ ಮಹೇಶ ಬಾಗಿಲು ಕೂರಿಸಲು ಬಂದ. ಬೇಡವೆಂದೆ.

"ಕಳ್ರು ಬಂದ್ರೆ ಅವ್ವ?"

"ಬಂದೋರು ನೋಡ್ಕಂಡು ಓಗ್ಲಿ ಬುಡಪ್ಪ."

ಈಗ ಹೊಂಗೆ ಮರದಡಿ ಮಲಗಿಸಿದ ಆ ಬಾಗಿಲಿನ ಮೇಲೆಯೇ ಬಂದವರಿಗೆ ಟೀ ಲೋಟ ಇಡುವುದು.

ಈ ಭಾನುವಾರ ಹೊಸ ಚಿತ್ರಗಳು ಬರುತ್ತವೆ, ಬಣ್ಣದ ವಾಸನೆ ಆರಿದವು ಮಾತ್ರ. ನಿಮ್ಮದನ್ನೂ ಹಾಕಬಹುದೇ ಎಂದು ಕೇಳಿದೆ, ಭಾಗ್ಯ ಒಪ್ಪಿದ್ದಾಳೆ. ಟರ್ಪಂಟೈನ್ ಸೀಸೆ ಮಾತ್ರ ಹೊಂಗೆ ಮರದಡಿಯೇ ಇರಲಿ. ಇನ್ನೊಂದು ಮಾತು. ನಿಮ್ಮ ಚಿತ್ರದ ಮುಂದೆ ನಿಂತು ನೀವು ಮಾತಾಡುವ ಹಾಗಿಲ್ಲ. ಅಲ್ಲಿ ನಾನು ನಿಲ್ಲುತ್ತೇನೆ.