ಸೋಮವಾರದೊಳಗೆ ಆಫ್ರಿಕಾ

ನಮ್ಮ ಇತಿಹಾಸದ ಮೇಷ್ಟ್ರು ಕೆಮ್ಮುವುದನ್ನು, ಕೆಮ್ಮಿ ಮುಗಿಸಿ ಕನ್ನಡಕ ಒರೆಸುವುದನ್ನು ಅವರಿಗಿಂತ ಚೆನ್ನಾಗಿ ಮಾಡುತ್ತಿದ್ದವನು ನಾನು. ತೊಂಬತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಹರಿಹರದಿಂದ ದಾವಣಗೆರೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಂಡಕ್ಟರನ ಧ್ವನಿಯಲ್ಲಿ ನಾನೇ 'ರೈಟ್' ಅಂದು ಬೈಸಿಕೊಳ್ಳುತ್ತಿದ್ದೆ. ಒಂದು ದಿನ ಮೇಷ್ಟ್ರು ತರಗತಿಯ ಬಾಗಿಲಲ್ಲೇ ನಿಂತು ನನ್ನ ಕೆಮ್ಮನ್ನು ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ.

"ಗಂಟಲು ಭಾಳ ಚಲೋ ಐತೆ ನಿಂದು. ಸೋಮವಾರ ಸೆಮಿನಾರ್ ನೀನೇ ಮಾಡು. ಆಫ್ರಿಕಾ ಖಂಡದ ಇತಿಹಾಸ, ಯೂರೋಪಿನೋರು ಬರೋಕೆ ಮುಂಚಿಂದು. ನಗಸಬ್ಯಾಡ. ಒಂದ್ಸಲ ನಿನ್ನ ಮಾತು ಕೇಳಬೇಕು ನಾನು."

ಆ ಕೊನೆಯ ಮಾತು ನಾಟಿತು. ಎಲ್ಲರೂ ನನ್ನ ಬಾಯಲ್ಲಿ ಬೇರೆಯವರನ್ನು ಕೇಳಿದ್ದರು. ನನ್ನನ್ನು ಕೇಳಬೇಕೆಂದವರು ಇವರೊಬ್ಬರೇ. ಹೆಂಗಾದರೂ ನೆಟ್ಟಗೆ ಮಾಡಬೇಕು ಅಂದುಕೊಂಡೆ.

ಲೈಬ್ರರಿಯ ಪುಸ್ತಕದಲ್ಲಿ ಆಫ್ರಿಕಾ ಶುರುವಾಗುತ್ತಿದ್ದುದೇ ಯೂರೋಪಿನ ಹಡಗು ದಡ ಮುಟ್ಟಿದ ಮೇಲೆ. ಅದಕ್ಕೂ ಮುಂಚೆ ಅಲ್ಲಿ ಎಲ್ಲರೂ ಹಡಗಿಗಾಗಿ ಕಾಯುತ್ತ ಕೂತಿದ್ದರೇನೋ! ಶನಿವಾರ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಹೊಸದಾಗಿ ತೆರೆದಿದ್ದ ಇಂಟರ್ನೆಟ್ ಅಂಗಡಿಗೆ ಹೋದೆ. ಚಪ್ಪಲಿ ಹೊರಗೆ ಬಿಡಬೇಕು. ಕಂಪ್ಯೂಟರಿನ ಹಣೆಗೆ ವಿಭೂತಿ. ಫೋನ್ ಲೈನಿಗೆ ಸಿಕ್ಕಿಸಿದ್ದ ಮೋಡೆಮ್ ಕಿರುಚಿತು; ನಾನೂ ಹಾಗೇ ಕಿರುಚಿ ತೋರಿಸಿದೆ.

"ಸುಮ್ಕಿರೋ ಮಾರಾಯ, ಲೈನ್ ಕಟ್ಟಾಗ್ತೈತೆ," ಎಂದ ಅಂಗಡಿಯ ಅಣ್ಣ, ನಿಜವಾಗಿಯೂ ಹೆದರಿ.

ಆಫ್ರಿಕಾ ಎಂದು ಹುಡುಕಿದರೆ ಸಿಂಹ ಬಂತು. ಅದೂ ಮೊದಲು ಕಿವಿ, ಆಮೇಲೆ ಹಣೆ. ಮೂಗು ಬರುವಷ್ಟರಲ್ಲಿ ಲೈನ್ ಹೋಯಿತು. ಮತ್ತೆ ಹುಡುಕಿದಾಗ ಯಾವುದೋ ದೂರದ ವಿಶ್ವವಿದ್ಯಾಲಯದ ಪುಟ ಸಿಕ್ಕಿತು. ಹಳೆಯ ರಾಜ್ಯಗಳು, ಮರುಭೂಮಿಯ ವ್ಯಾಪಾರ, ಬಾಯಿಮಾತಿನ ಕಥನಗಳು, ನಕ್ಷೆಗಳು: ಸಾಲು ಸಾಲು ನೀಲಿ ಅಕ್ಷರ, ಒತ್ತಿದರೆ ಒಂದೊಂದೂ ತೆರೆಯುವಂಥವು. ಓದುತ್ತ ಕೂತರೆ ಮತ್ತೆ ಲೈನ್ ಹೋದೀತೆಂದು, "ಅಣ್ಣಾ, ಇಡೀ ಪುಟ ಫ್ಲಾಪಿಗೆ ಹಾಕಿಕೊಡ್ರಿ" ಅಂದೆ. ಒಂದು ಖಂಡವನ್ನೇ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಬಸ್ಸಿನ ನೂಕಾಟದಲ್ಲಿ ಯಾರೂ ಎದೆಗೆ ಒರಗದಂತೆ ಕಾಯ್ದುಕೊಂಡು ಹರಿಹರಕ್ಕೆ ಬಂದೆ.

ಭಾನುವಾರ ಬೆಳಿಗ್ಗೆ, ನಮ್ಮ ಓಣಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಭಾಯ್ ತಮ್ಮ ಕಂಪ್ಯೂಟರಿಗೆ ಫ್ಲಾಪಿ ತೂರಿಸಿದರು. ಅವರ ಅಂಗಡಿಯಲ್ಲಿ ಫೋನ್ ಇಲ್ಲ, ಇಂಟರ್ನೆಟ್ಟೂ ಇಲ್ಲ. ನೀಲಿ ಸಾಲುಗಳೇನೋ ಬಂದವು. ಒಂದರ ಮೇಲೆ ಒತ್ತಿದೆ, ತೆರೆಯಲಿಲ್ಲ. ಇನ್ನೊಂದನ್ನು ಒತ್ತಿದೆ. ಊಹೂಂ.

ಭಾಯ್ ಮೂಗಿನ ಮೇಲೆ ಬೆರಳಿಟ್ಟು ನೋಡಿದರು. "ಇದೇನಲೇ, ಬರೀ ಸುಖಾಗಮನ ಬಯಸೋರ ಹೆಸರೇ ಐತೆ. ಮದುಮಗ ಎಲ್ಲಿ, ಮದುಮಗಳು ಎಲ್ಲಿ?"

"ಒಳಗೆ ಐತೆ ಭಾಯ್, ಇನ್ನೊಂದ್ಸಲ ಒತ್ರಿ."

"ಒಳಗೆ ಎಲ್ಲಿ ಬಂತಲೇ? ಇದು ಬರೀ ವಿಳಾಸ. ಲಗ್ನ ನಡೆಯೋದು ಬೇರೆ ಕಡೆ."

ಮಧ್ಯಾಹ್ನವೇ ದಾವಣಗೆರೆಗೆ ಓಡಿದೆ. ಅಂಗಡಿಯ ಮುಂದೆ ಯಾರೋ ನೀರಿನ ಪೈಪಿಗೆಂದು ರಸ್ತೆ ಅಗೆದು ಫೋನಿನ ಕೇಬಲ್ಲನ್ನೇ ಕಡಿದಿದ್ದರು. ಅಣ್ಣ ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಕೂತಿದ್ದ.

"ಲೈನ್ ಸತ್ತೈತೆ. ಬುಧವಾರ ಬಾ."

ಸೋಮವಾರ ಎದ್ದು ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚು ನಗಲು ಸಿದ್ಧವಾಗಿತ್ತು.

"ಸರ್, ಅವರಿಗೂ ಇತಿಹಾಸ ಐತಂತೆ. ಭಾಳ ಐತಂತೆ. ಎಲ್ಲೆಲ್ಲಿ ಐತೆ ಅಂತ ಹೆಸರು ನೋಡಿದೆ. ಒಳಗೆ ಹೋಗಾಕೆ ಆಗಲಿಲ್ಲ."

ಯಾರ ಧ್ವನಿಯನ್ನೂ ಎರವಲು ಪಡೆಯದೆ ಹೇಳಿದ್ದೆ. ತರಗತಿ ಗೊಳ್ಳೆಂದಿತು. ಹಿಂದಿನಿಂದ ಒಬ್ಬ ಕೂಗಿದ: "ಯಾರ ಧ್ವನಿಯಲೇ ಇದು? ಗುರುತೇ ಸಿಗ್ತಿಲ್ಲ!"

"ನಂದೇ ಕಣ್ರಲೇ," ಅಂದೆ.

ಇನ್ನೂ ಜೋರಾಗಿ ನಕ್ಕರು. ಮೇಷ್ಟ್ರ ಕಡೆ ನೋಡಿದೆ. ಅವರಾದರೂ ಗುರುತಿಸಿಯಾರು ಎಂಬ ಆಸೆಯಿತ್ತು. ಅವರು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಮಿಮಿಕ್ರಿ ಸಾಕು. ಸೆಮಿನಾರ್ ಶುರು ಮಾಡು," ಎಂದರು.