ಟಿಟ್ಟಿಭಕ್ಕೆ ಬಿಟ್ಟ ನೆಲ

ತಾವರಗೇರಾಕ್ಕೆ ಬಂದು ಸಾಮಾನಿನ ಗಂಟು ಇನ್ನೂ ಬಿಚ್ಚಿರಲಿಲ್ಲ, ಆಗಲೇ ಜನ ಅನ್ನವನ್ನು ಮಣ್ಣಿಗೆ ಎರಚುವುದನ್ನು ಕಂಡೆ. ಎಂಜಲಲ್ಲ, ಹಳಸಿದ್ದೂ ಅಲ್ಲ. ಬೆಳಿಗ್ಗೆಯಿಂದ ಮನೆಮಂದಿಯೆಲ್ಲ ಕೂತು ಬೇಯಿಸಿದ ಹಬ್ಬದ ಅಡುಗೆ. ಅಂದು ಎಳ್ಳ ಅಮಾವಾಸ್ಯೆ. ನಾವು ಬಾಡಿಗೆಗಿದ್ದ ಮನೆಯ ಒಡತಿ ಶಂಕ್ರವ್ವ, “ಹಬ್ಬದ ದಿನ ಇಬ್ಬರೇ ಮನ್ಯಾಗ ಕುಂತು ಏನ್ ಮಾಡ್ತೀರಿ, ಬರ್ರಿ ಹೊಲಕ್ಕ” ಎಂದು ನನ್ನನ್ನೂ ನನ್ನ ಗಂಡ ಸುಧಾಕರನನ್ನೂ ಟ್ರ್ಯಾಕ್ಟರ್ ಹತ್ತಿಸಿಕೊಂಡು ಹೋಗಿದ್ದರು. ಎದೆಯೆತ್ತರ ನಿಂತ ಬಿಳಿಜೋಳದ ನಡುವೆ ಅವರ ತಮ್ಮ ಫಕೀರಪ್ಪ ಬುಟ್ಟಿಯಿಂದ ಸಜ್ಜೆ ಕಡುಬು, ಅನ್ನ, ಪಲ್ಯ ಹಿಡಿಹಿಡಿಯಾಗಿ ತೆಗೆದು ಸಾಲಿಗೆ ಬೀಸಿ ಎಸೆಯುತ್ತಿದ್ದರು. ಅವರ ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತ ಕೂಗುತ್ತಿದ್ದರು.

ನಾನು ಕುಂದಾಪುರದ ಕಡೆಯವಳು. ತಟ್ಟೆಯಿಂದ ಒಂದು ಅಗುಳು ಕೆಳಗೆ ಬಿದ್ದರೂ ಅಮ್ಮನ ಕಣ್ಣು ಕೆಂಪಾಗುವ ಮನೆಯಲ್ಲಿ ಬೆಳೆದವಳು. ನನ್ನ ಮುಖ ನೋಡಿ ಶಂಕ್ರವ್ವ ನಕ್ಕರು.

“ಇದಕ್ಕ ಚರಗ ಅಂತಾರ ನಮ್ಮವ್ವಾ. ಕಾಳು ಕಟ್ಟೂ ಹೊತ್ತಿನ್ಯಾಗ ಭೂಮ್ತಾಯಿ ಬಸರಿ ಇರ್ತಾಳ. ಆಕಿಗೆ ಬಯಕಿ ಊಟ ಬ್ಯಾಡೇನ?”

“ತಿನ್ನುವುದು ಹಕ್ಕಿ, ಇರುವೆ ಅಲ್ವಾ?” ಎಂದೆ.

“ಇರಿವಿ ಉಂಡ್ರ ಆಕಿ ಉಂಡಂಗ. ಆಕಿಗೆ ಬ್ಯಾರೆ ಬಾಯಿ ಎಲ್ಲೈತಿ?”

ಆ ಮಾತಿಗೆ ಎಲ್ಲರೂ ನಕ್ಕರು, ನಾನು ಮಾತ್ರ ನಗಲಿಲ್ಲ. ಬಸಿರು ಎಂಬ ಮಾತು ಯಾರ ಬಾಯಲ್ಲಿ ಬಂದರೂ ಆಗ ನನಗೆ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು. ಊರಿನಲ್ಲಿ ನನಗೆ ಎರಡು ಸಲ ನಿಂತಿತ್ತು. ಎರಡು ಸಲವೂ ಐದನೇ ತಿಂಗಳಲ್ಲಿ ಹೋಯಿತು. ಸುಧಾಕರನಿಗೆ ಈ ಕಡೆ ಗಾಳಿಯಂತ್ರಗಳ ದುರಸ್ತಿ ಕೆಲಸ ಸಿಕ್ಕಾಗ ನಾನು ಹಿಂದೆಮುಂದೆ ನೋಡದೆ ಹೊರಟಿದ್ದು ಅದಕ್ಕೇ. ನಮ್ಮೂರಿನ ಪ್ರತಿ ಹೆಂಗಸಿಗೂ ನನ್ನ ಹೊಟ್ಟೆಯ ಕಥೆ ಗೊತ್ತಿತ್ತು. ಗೊತ್ತಿಲ್ಲದವರ ನಡುವೆ ಹೋಗಿ ಬದುಕಬೇಕಿತ್ತು.

ಆದರೆ ಅಮ್ಮನ ಚಿಂತೆ ಬೇರೆ. ನಮ್ಮ ಕಡೆಯ ದೈವಗಳಿಗೆ ಸ್ವಂತ ಊರಿದೆ, ಗಡಿ ಇದೆ ಎಂಬುದು ನಿಮಗೆ ಗೊತ್ತಲ್ಲ. ಮನೆಯ ದೈವ ಮನೆಯನ್ನು, ಹಿತ್ತಲನ್ನು, ಗದ್ದೆಯನ್ನು ಕಾಯುತ್ತದೆ. ಹೊಳೆ ದಾಟಿದರೆ ಇನ್ನೊಂದು ದೈವದ ಸರಹದ್ದು. ಅಮ್ಮ ಬಸ್ಸಿನ ಕಿಟಕಿಗೆ ಕೈಹಾಕಿ ನನ್ನ ಕೈ ಹಿಡಿದು, “ಅಷ್ಟ್ ದೂರದಗೆ ನಿನ್ನ ಯಾರ್ ಕಾಣುದ್ ಮಗಾ?” ಎಂದು ಕೇಳಿದ್ದರು. ಘಟ್ಟ ಹತ್ತಿ, ಹುಬ್ಬಳ್ಳಿ ದಾಟಿ, ಕೊಪ್ಪಳ ದಾಟಿ, ಕುಷ್ಟಗಿಯಲ್ಲಿ ಬಸ್ಸು ಬದಲಿಸಿ ಬರುವಷ್ಟು ಹೊತ್ತೂ ಅದೇ ಪ್ರಶ್ನೆ ತಲೆಯಲ್ಲಿತ್ತು. ನಾನು ದೇವರ ವಿಳಾಸವಿಲ್ಲದ ಕಡೆ ಬಂದುಬಿಟ್ಟೆನೇನೋ ಎಂಬ ಅಳುಕು.

ಹೊಸ ಊರು ಆ ಅಳುಕನ್ನು ಕಡಿಮೆ ಮಾಡಲಿಲ್ಲ. ನಮ್ಮೂರಿನಲ್ಲಿ ಎತ್ತ ನೋಡಿದರೂ ಏನೋ ಒಂದು ಅಡ್ಡ ಇರುತ್ತಿತ್ತು: ಮರ, ಬೇಲಿ, ಮಳೆಯ ಪರದೆ. ಇಲ್ಲಿ ಬಾಗಿಲು ತೆರೆದರೆ ಕಣ್ಣು ಹೋಗಿ ನಿಲ್ಲಲು ಜಾಗವೇ ಇಲ್ಲ. ದೂರದಲ್ಲಿ ಗಾಳಿಯಂತ್ರಗಳು, ಮೇಲೆ ಬರೀ ಆಕಾಶ. ಊರವರು ಗಾಳಿಯಂತ್ರಕ್ಕೆ ಫ್ಯಾನು ಎನ್ನುತ್ತಾರೆ. ಹಾಗಾಗಿ ನಾನು ಫ್ಯಾನಿನ ಅಕ್ಕಾರು. ಇಷ್ಟು ದೊಡ್ಡ ಫ್ಯಾನುಗಳಿದ್ದೂ ಇಷ್ಟು ಸೆಕೆ ಯಾಕೆ ಎಂದು ಸುಧಾಕರನನ್ನು ಸಂತೆಯಲ್ಲಿ ರೇಗಿಸದವರಿಲ್ಲ. ನಾನು ಊರಿನಿಂದ ಜೋಪಾನವಾಗಿ ತಂದ ದೊಡ್ಡ ಕರಿಕೊಡೆ ಮೂಲೆ ಸೇರಿತು. ಮೀನಿಲ್ಲದ ಊಟಕ್ಕೆ ನಾಲಿಗೆ ಒಗ್ಗಲಿಲ್ಲ. ನನ್ನ ಕೈಯ ರೊಟ್ಟಿ ಬಹಳ ದಿನ ನಮ್ಮ ಜಿಲ್ಲೆಯ ನಕಾಶೆಯಂತೆ ಉದ್ದುದ್ದ ಬರುತ್ತಿತ್ತು. ಒಂದು ದಿನ ಹರಿಯದೆ ದುಂಡಗೆ ಎದ್ದಾಗ ಶಂಕ್ರವ್ವ ಅದನ್ನು ಓಣಿಯ ನಾಲ್ಕು ಮನೆಗೆ ತೋರಿಸಿಕೊಂಡು ಬಂದರು. ಅವತ್ತು ನನಗೆ ಆದ ಖುಷಿ ಸಣ್ಣದಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಮೂರನೆಯ ಸಲ ನಿಂತಿತು. ಕುಷ್ಟಗಿಯ ಡಾಕ್ಟರಮ್ಮ ಹಳೆಯದನ್ನೆಲ್ಲ ಕೇಳಿ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದರು. ಭಾರ ಎತ್ತುವಂತಿಲ್ಲ, ಬಸ್ಸು ಹತ್ತುವಂತಿಲ್ಲ, ಆದಷ್ಟು ಮಲಗಿಯೇ ಇರಬೇಕು ಎಂದರು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಮಾತು ಅಲ್ಲಿಗೆ ಮುಗಿಯಿತು. ಅಪ್ಪ ಕಾಲು ಮುರಿದುಕೊಂಡು ಮಲಗಿದ್ದರಿಂದ ಅಮ್ಮನೂ ಬರುವಂತಿರಲಿಲ್ಲ. ಸುಧಾಕರ ಬೆಳಿಗ್ಗೆ ಹೋದರೆ ಸಂಜೆ. ನಾನು ಕಿಟಕಿಯ ಪಕ್ಕದ ಮಂಚದಲ್ಲಿ ಐದನೇ ತಿಂಗಳಿಗಾಗಿ ಕಾಯುತ್ತ ಮಲಗಿದೆ. ಕಾಯುತ್ತ ಅಂದೆನಲ್ಲ, ನಿಜವಾಗಿ ಹೆದರುತ್ತ.

ಕಿಟಕಿಯಾಚೆ ಶಂಕ್ರವ್ವನ ಸಣ್ಣ ಹೊಲ. ಮಸಾರಿ, ಅಂದರೆ ಕೆಂಪು ನೆಲ. ಮಣ್ಣಿಗಿಂತ ಹರಳುಕಲ್ಲೇ ಹೆಚ್ಚು. ಅಲ್ಲಿ ಒಂದು ಜೋಡಿ ಟಿಟ್ಟಿಭ ಓಡಾಡುತ್ತಿದ್ದವು. ಉದ್ದ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ಚರ್ಮ, ಯಾರಾದರೂ ಹತ್ತಿರ ಸುಳಿದರೆ ಊರೆಲ್ಲ ಕೇಳುವ ಕೂಗು. ಒಂದು ಬೆಳಿಗ್ಗೆ ಹೆಣ್ಣೋ ಗಂಡೋ, ಒಂದು ಹಕ್ಕಿ ಬಯಲಿನಲ್ಲಿ ಕೂತದ್ದು ಏಳಲೇ ಇಲ್ಲ. ಕಡೆಗೆ ಎದ್ದಾಗ ಕಂಡೆ: ಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ. ಗೂಡಿಲ್ಲ, ಹುಲ್ಲಿಲ್ಲ, ಮೇಲೆ ಒಂದು ಎಲೆಯಿಲ್ಲ. ನನಗೆ ಆ ಹಕ್ಕಿಯ ಮೇಲೆ ಸಿಟ್ಟೇ ಬಂತು. ಇಷ್ಟು ಬಯಲಿನಲ್ಲಿ ಮೊಟ್ಟೆಯಿಡುವ ತಾಯಿಗೆ ಬುದ್ಧಿ ಬೇಡವೇ?

ಕರಾವಳಿಯವಳ ತಲೆಗೆ ಹೊಳೆಯುವುದು ನೆರಳು ಒಂದೇ. ಮಧ್ಯಾಹ್ನ ಬಿಸಿಲು ಕಾದ ಹೊತ್ತಿನಲ್ಲಿ, ಮಲಗಿರಬೇಕಾದ ನಾನು ಎದ್ದು, ಆ ಕರಿಕೊಡೆಯನ್ನು ತೆಗೆದುಕೊಂಡು ಹೋಗಿ ಮೊಟ್ಟೆಗಳ ಮೇಲೆ ಬಿಡಿಸಿ, ಹಾರದಂತೆ ಹಿಡಿಗೆ ಕಲ್ಲು ಒತ್ತಿ ಬಂದೆ. ಎರಡೂ ಹಕ್ಕಿಗಳು ನನ್ನ ತಲೆಯ ಮೇಲೆ ಸುತ್ತಿ ಸುತ್ತಿ ಬೈದವು. ನಾನು ಮಂಚಕ್ಕೆ ಬಂದು ಬಿದ್ದ ಮೇಲೂ ಕೂಗು ನಿಲ್ಲಲಿಲ್ಲ. ಹಕ್ಕಿ ಕೊಡೆಯ ಹತ್ತಿರ ಬರುತ್ತಿತ್ತು, ನಿಲ್ಲುತ್ತಿತ್ತು, ಓಡಿಹೋಗುತ್ತಿತ್ತು. ಮೊಟ್ಟೆಯ ಮೇಲೆ ಕೂರಲಿಲ್ಲ. ನಾನು ಮುಟ್ಟಿದ್ದೆಲ್ಲ ಹೀಗೇ ಆಗುತ್ತದೆ ಎಂದು ಅಳು ಬಂತು.

ಕೂಗು ಕೇಳಿ ಬಂದ ಶಂಕ್ರವ್ವ ಮೊದಲು ಕೊಡೆ ನೋಡಿದರು, ಆಮೇಲೆ ನನ್ನನ್ನು.

“ಎದ್ದು ಹೋಗಿದ್ದ್ಯಾ? ನಿನ್ನ ಡಾಕ್ಟರ್ ಏನಂತ ಹೇಳ್ಯಾರ? ಹೊಟ್ಟ್ಯಾಗಿನದು ನೆಪ್ಪೈತೋ ಇಲ್ಲೋ?”

“ಬಿಸಿಲಿಗೆ ಮೊಟ್ಟೆ ಬೆಂದುಹೋಗುತ್ತೆ ಅಂತ...”

“ಬೇಯಾಕ ಅದೇನ್ ಕೋಳಿ ಅಂಗಡ್ಯಾಗಿನ ತತ್ತಿ ಏನ? ಅದಕ್ಕ ನಾಲ್ಕೂ ದಿಕ್ಕು ಕಾಣ್ಬೇಕವ್ವಾ. ನೀ ಛತ್ರಿ ಇಟ್ರ ಅದಕ್ಕ ಬಲೆ ಒಡ್ಡಿದಂಗ ಕಾಣತೈತಿ.” ಬಯ್ಯುತ್ತಲೇ ಹೋಗಿ ಕೊಡೆ ಕಿತ್ತು ತಂದರು. ಒಳಗೆ ಬಂದು ನನ್ನ ಹಣೆ ಮುಟ್ಟಿ ನೋಡಿದ ಮೇಲೆ ದನಿ ಇಳಿಯಿತು. “ತಿರುಗಿ ಬರತೈತೋ ಇಲ್ಲೋ ನನಗೂ ಗೊತ್ತಿಲ್ಲ. ನೋಡೂಣು.”

ಇಬ್ಬರೂ ಕಿಟಕಿಯಲ್ಲಿ ಕುಳಿತೆವು. ಬಹಳ ಹೊತ್ತಾಯಿತು. ಕಡೆಗೆ ಒಂದು ಹಕ್ಕಿ ಆಡುಗಳು ನೀರು ಕುಡಿಯುವ ತೊಟ್ಟಿಗೆ ಹೋಯಿತು. ಕುಡಿಯುವುದಕ್ಕಲ್ಲ. ತೊಟ್ಟಿಯ ಬದಿಗೆ ನಿಂತ ನೀರಿನಲ್ಲಿ ಕೂತು, ಎದೆ ಹೊಟ್ಟೆಯ ಗರಿಯೆಲ್ಲ ನೆನೆಸಿಕೊಂಡು, ಹಾಗೇ ಓಡಿಬಂದು ಮೊಟ್ಟೆಗಳ ಮೇಲೆ ಕೂತಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಹೋಗಿ ನೆನೆದು ಬಂತು. ಶಂಕ್ರವ್ವ ಬಾಯಿಗೆ ಸೆರಗು ಹಿಡಿದರು. ಇಷ್ಟು ವರ್ಷ ಇದೇ ಹೊಲದಲ್ಲಿ ಇದ್ದೂ ಅವರು ಅದನ್ನು ನೋಡಿರಲಿಲ್ಲವಂತೆ. “ಇದಕ್ಕ ಯಾರು ಕಲಿಸ್ಯಾರ ನೋಡು” ಎಂದರು. ಅಂದಿನಿಂದ ಆ ತೊಟ್ಟಿ ತುಂಬಿ ಹೊರಗೆ ಹರಿಯುವಷ್ಟು ನೀರು ಬಿಡುವುದು ಅವರ ಕೆಲಸವಾಯಿತು. ನೀರಿಗೆ ಇಷ್ಟು ಬರ ಇರುವ ಕಡೆ ಅದು ಸಣ್ಣ ಮಾತಲ್ಲ.

ಮುಂಗಾರಿನ ಮೊದಲ ಹದಕ್ಕೆ ಫಕೀರಪ್ಪ ಹೊಲ ಹರಗಲು ಟ್ರ್ಯಾಕ್ಟರ್ ತಂದರು. ನಾನು ಕಿಟಕಿಯಿಂದ ಕೈಬೀಸಿ, “ಅಣ್ಣಾ, ಅಲ್ಲಿ ಮೊಟ್ಟೆ ಇದೆ!” ಎಂದು ಕೂಗಿದೆ.

“ಗೊತ್ತೈತ್ರಿ ಅಕ್ಕಾರ. ಅದು ಅದರ ಪಾಲು” ಎಂದರು, ದೊಡ್ಡ ಸಂಗತಿಯೇ ಅಲ್ಲ ಎಂಬಂತೆ. ಹಕ್ಕಿ ಕೂತ ಜಾಗದ ಪಕ್ಕ ಒಂದು ಬೇವಿನ ಕಡ್ಡಿ ನೆಟ್ಟು, ಅದರ ಸುತ್ತ ಒಂದು ಮಂಚದಗಲ ನೆಲ ಬಿಟ್ಟು ಮಿಕ್ಕಿದ್ದೆಲ್ಲ ಹರಗಿದರು. ಹಕ್ಕಿ ಕಿರುಚಿತೇ ಹೊರತು ದೂರ ಹೋಗಲಿಲ್ಲ. ಇಲ್ಲಿ ಹೊಲದಲ್ಲಿ ಟಿಟ್ಟಿಭ ಮೊಟ್ಟೆಯಿಟ್ಟರೆ ಅಷ್ಟು ನೆಲ ಬಿಡುವುದು ಅವರ ತಂದೆಯ ಕಾಲದಿಂದ ನಡೆದು ಬಂದದ್ದಂತೆ. ಕೆಂಪು ಸಾಲುಗಳ ನಡುವೆ ಆ ಬೋಳು ನೆಲ ನನ್ನ ಮಂಚಕ್ಕೆ ನೇರ ಎದುರಿಗಿತ್ತು.

ಐದನೇ ತಿಂಗಳ ಕೊನೆಗೆ, ನಾನು ಹೆದರಿದ್ದು ಬಂತು. ಮಧ್ಯಾಹ್ನ ಸಣ್ಣಗೆ ಸೊಂಟನೋವು, ಆಮೇಲೆ ಬಟ್ಟೆಯ ಮೇಲೆ ಕೆಂಪು ಕಲೆ. ಅದೇ ಹೊತ್ತಿಗೆ ಪಡುವಣದಿಂದ ಧೂಳೆದ್ದು, ಗಾಳಿ ಬಡಿದು, ಆಲಿಕಲ್ಲಿನ ಮಳೆ ಸುರಿಯಿತು. ಸುಧಾಕರನ ಫೋನ್ ಹತ್ತಲಿಲ್ಲ. ಶಂಕ್ರವ್ವ ನೆನೆದುಕೊಂಡೇ ಬಂದು ನನ್ನ ಕಾಲ ಕೆಳಗೆ ದಿಂಬು ಕೊಟ್ಟು, “ಮಳಿ ಕಡಿಮಿ ಆಗ್ಲಿ, ಫಕೀರಪ್ಪ ಗಾಡಿ ತರಾಕ ಹೋಗ್ಯಾನ. ಅಲ್ಲೀತನ ಅಲುಗ್ಯಾಡಬ್ಯಾಡ” ಎಂದರು.

ನಾನು ಕಿಟಕಿಯತ್ತ ಹೊರಳಿದೆ. ಆಲಿಕಲ್ಲು ನೆಲಕ್ಕೆ ಬಿದ್ದು ಪುಟಿಯುತ್ತಿದ್ದವು. ಹಕ್ಕಿ ಅಲ್ಲೇ ಇತ್ತು. ರೆಕ್ಕೆ ಸ್ವಲ್ಪ ಹರವಿ, ಕತ್ತು ಒಳಗೆಳೆದುಕೊಂಡು, ಕಣ್ಣು ಮುಚ್ಚಿ ತೆರೆದು. ಕಲ್ಲು ಬೆನ್ನಿಗೆ ಬಡಿದಾಗ ಒಮ್ಮೆ ಅದುರುವುದು, ಮತ್ತೆ ಕೂರುವುದು. ನನಗೆ ಆಗ ಯಾವ ಮಂತ್ರವೂ ನೆನಪಾಗಲಿಲ್ಲ, ಮನೆದೈವದ ಹೆಸರೂ ಬಾಯಿಗೆ ಬರಲಿಲ್ಲ. “ಅದನ್ನ ನೋಡ್ತಾ ಇದ್ದೀಯಲ್ಲ, ಹಾಗೇ ಪಕ್ಕದಲ್ಲಿ ನನ್ನನ್ನೂ ನೋಡು” ಎಂದಷ್ಟೇ ಕೇಳಿಕೊಂಡೆ. ಯಾರನ್ನು ಕೇಳಿದೆನೋ ನನಗೆ ಗೊತ್ತಿಲ್ಲ. ಆದರೆ ಕೇಳಿಸಿಕೊಂಡವರಿದ್ದಾರೆ ಎನ್ನಿಸಿತು. ಘಟ್ಟ ಹತ್ತಿ ಬಂದ ಮೇಲೆ ಮೊದಲ ಸಲ ಹಾಗನ್ನಿಸಿದ್ದು. ಶಂಕ್ರವ್ವನ ಒದ್ದೆ ಕೈ ನನ್ನ ಹೊಟ್ಟೆಯ ಮೇಲಿತ್ತು.

ಕುಷ್ಟಗಿಯಲ್ಲಿ ಡಾಕ್ಟರಮ್ಮ ಮಗುವಿನ ಎದೆಬಡಿತ ಕೇಳಿಸಿದರು. ಹೊಲಿಗೆ ಗಟ್ಟಿಯಾಗಿತ್ತು. ಎರಡು ದಿನ ಅಲ್ಲೇ ಇಟ್ಟುಕೊಂಡು ಕಳಿಸಿದರು. ಓಣಿಗೆ ತಿರುಗುವಾಗಲೇ ನಾನು ತಲೆಯೆತ್ತಿ ನೋಡಿದೆ. ಬೇವಿನ ಕಡ್ಡಿ ಬಾಗಿತ್ತು, ಹಕ್ಕಿ ಕೂತೇ ಇತ್ತು. ಒಂದು ಮೊಟ್ಟೆ ಒಡೆದಿತ್ತು ಎಂದು ಶಂಕ್ರವ್ವ ಆಮೇಲೆ ಹೇಳಿದರು. ಮೂರು ಉಳಿದಿದ್ದವು. ಆ ಒಂದಕ್ಕಾಗಿ ನಾನು ಅತ್ತೆ. ನನ್ನ ಮೊದಲಿನ ಎರಡಕ್ಕಾಗಿಯೂ ಅವತ್ತೇ ಸರಿಯಾಗಿ ಅತ್ತೆ ಎಂದು ಕಾಣುತ್ತದೆ. ಅತ್ತ ಮೇಲೆ ಹಸಿವಾಯಿತು.

ಮರಿಗಳು ಹುಟ್ಟಿದ ದಿನವೇ ಎದ್ದು ನಡೆದವು. ಕಡ್ಡಿಕಾಲಿನ ಮೂರು ಹತ್ತಿಯುಂಡೆ. ತಾಯಿ ಒಂದು ಕೂಗು ಹಾಕಿದರೆ ಮಣ್ಣಿನ ಹೆಂಟೆಯ ಪಕ್ಕ ಹೆಂಟೆಯಾಗಿ ಕೂತುಬಿಡುತ್ತಿದ್ದವು.

ಏಳನೇ ತಿಂಗಳಲ್ಲಿ ಓಣಿಯ ಹೆಂಗಸರು ನನಗೆ ಕುಬಸ ಮಾಡಿದರು. ನಮ್ಮ ಕಡೆಯ ಸೀಮಂತದಂತೆ. ಇಲ್ಲಿ ತವರಿನವರು ಬಸುರಿಗೆ ಹೊಸ ಸೀರೆ, ಕುಬಸ ಅಂದರೆ ರವಿಕೆ ಕೊಟ್ಟು ಉಡಿ ತುಂಬುತ್ತಾರೆ. “ತವರಿನವರು ದೂರ ಅದಾರ. ಇವತ್ತೊಂದಿನ ನಾನ ನಿಮ್ಮವ್ವ” ಎಂದು ಶಂಕ್ರವ್ವ ಹಸಿರು ಕುಬಸ ತೊಡಿಸಿದರು. ಬಡಿಸಿದ ತಟ್ಟೆಯಿಂದ ಮೊದಲ ತುತ್ತನ್ನು ನಾನು ಬಾಗಿಲ ಹೊರಗೆ, ಇರುವೆ ಸಾಲಿನ ಪಕ್ಕ ಇಟ್ಟೆ. ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ನೋಡಿದ ಶಂಕ್ರವ್ವ ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದರು.

ಮಗಳು ಕೊಪ್ಪಳದ ಆಸ್ಪತ್ರೆಯಲ್ಲಿ ಹುಟ್ಟಿದಳು. ಸಣ್ಣವಳು, ಆದರೆ ಊರೆಲ್ಲ ಕೇಳುವ ದನಿ.

ಮೊನ್ನೆ ಮೊದಲ ಬಾರಿಗೆ ಅವಳನ್ನು ಊರಿಗೆ ಕರೆದೊಯ್ದಿದ್ದೆ. ದೈವದ ಎದುರು ಮಗುವನ್ನು ಇಟ್ಟು ಅಮ್ಮ ತಮ್ಮ ಹರಕೆ ತೀರಿಸಿದರು. ಮರುದಿನ ಬೆಳಿಗ್ಗೆ ಅಂಗಳದ ಮೆಟ್ಟಿಲಲ್ಲಿ ಕೂತು ಗಂಜಿ ಉಣ್ಣುವಾಗ ನನ್ನ ಕೈ ತಾನಾಗಿ ಒಂದು ಹಿಡಿ ಅನ್ನ ತೆಗೆದು ತೆಂಗಿನ ಬುಡಕ್ಕೆ ಎಸೆಯಿತು.

“ಎಂತ ಮಾರಾಯ್ತಿ, ಅನ್ನ ನೆಲಕ್ ಬಿಸಾಡ್ತೆ?” ಎಂದು ಅಮ್ಮ ಗದರಿದರು.

ಅಷ್ಟರಲ್ಲಿ ಕೇಳಿಸಿತು. ನೀರು ಹರಿಯುವ ತೋಡಿನಾಚೆ, ಕೊಯ್ದ ಗದ್ದೆಯಿಂದ, ಅದೇ ಕೂಗು. ಮಗಳೂ ಕಣ್ಣರಳಿಸಿ ಆ ಕಡೆ ತಿರುಗಿದಳು.

“ಅಮ್ಮ, ಈ ಹಕ್ಕಿ ಇಲ್ಲಿಯೂ ಇತ್ತಾ?”

“ನೀ ಹುಟ್ಟುಕ್ ಮುಂಚಿಂದ್ಲೂ ಇತ್ತ್. ನೀನೇ ಕಿವಿ ಕೊಟ್ಟದ್ದಿಲ್ಲೆ.” ಅಮ್ಮ ಮಗುವನ್ನು ಎತ್ತಿಕೊಂಡು, ಹಕ್ಕಿ ತೋರಿಸುತ್ತೇನೆಂದು ತೋಡಿನ ಕಡೆಗೆ ಹೋದರು.

ತೆಂಗಿನ ಬುಡದಲ್ಲಿ ಆಗಲೇ ಇರುವೆಗಳು ಸೇರಿದ್ದವು. ಇವತ್ತು ಆ ತೊಟ್ಟಿಗೆ ಶಂಕ್ರವ್ವ ನೀರು ತುಂಬಿದರೋ ಇಲ್ಲವೋ ಎಂದು ಯೋಚನೆಯಾಯಿತು. ಇನ್ನೆಷ್ಟು ದಿನಕ್ಕೆ ಮನೆಗೆ ಹೋಗುವುದು ಎಂದು ಲೆಕ್ಕ ಹಾಕುತ್ತಿದ್ದೆ, ನಾನು ಹುಟ್ಟಿದ ಮನೆಯ ಮೆಟ್ಟಿಲ ಮೇಲೆ ಕೂತು.